ಸಿಪ್ಪೆ ಒಡೆಯದ ಚಕ್ಕೋತ

ಇದನ್ನು ಓದಿ, "ಕರೆಂಟ್ ಹೋಗಿತ್ತು, ಕತ್ತಲಲ್ಲಿ ಏನೋ ಕಂಡಿರಬೇಕು" ಎನ್ನುವವರು ಎನ್ನಲಿ. ಅವತ್ತು ಕೊಳತ್ತೂರಿನ ಆ ಅಡುಗೆಮನೆಯಲ್ಲಿ ನಾನೊಬ್ಬಳೇ ಇರಲಿಲ್ಲ. ನಮ್ಮವರ ಅಕ್ಕ, ನನ್ನ ಅತ್ತಿಗೆಯೂ ಪಕ್ಕದಲ್ಲೇ ಇದ್ದರು. ನನ್ನ ಕಣ್ಣಿಗೆ ಕಂಡದ್ದೇ ಅವರ ಕಣ್ಣಿಗೂ ಕಂಡಿತು.

ಮೊದಲು ನಮ್ಮವರ ವಿಷಯ ಹೇಳಬೇಕು. ಅವರಿಗೆ ಲಿವರ್ ಬದಲಾಯಿಸಿದ್ದಾರೆ. ಯಾರದೋ ಲಿವರನ್ನು ಮೈ ತಳ್ಳಿಬಿಡದ ಹಾಗೆ ಬೆಳಿಗ್ಗೆ ಒಂದು ಮಾತ್ರೆ, ಸಂಜೆ ಒಂದು ಮಾತ್ರೆ, ಜೀವ ಇರುವ ತನಕ. ಒಂದು ಹೊತ್ತೂ ತಪ್ಪದ ಹಾಗೆ ನಾನೇ ಕೈಯಾರೆ ಕೊಡುತ್ತಿದ್ದೆ.

ಸೇಲಂನಲ್ಲಿ ನಮ್ಮದು ಸಣ್ಣ ಮನೆ. ಏನು ಬದಲಾದರೂ ಮೊದಲು ನನ್ನ ಕಣ್ಣಿಗೇ ಬೀಳುತ್ತದೆ. ಅವರು ಹಿಡಿದ ಕಾಫಿ ಲೋಟ ಡಬರಿಗೆ ತಾಗಿ ಕಟಕಟ ಎನ್ನತೊಡಗಿತು. ಸಾಕ್ಸ್ ಬಿಚ್ಚಿದ ಮೇಲೂ ಅದರ ಗೆರೆ ಕಣಕಾಲಿನಲ್ಲಿ ರಾತ್ರಿಯ ತನಕ ಉಳಿಯುತ್ತಿತ್ತು. ಡಾಕ್ಟರಿಗೆ ಹೇಳಿದರೆ, "ಲಿವರ್ ಸೂಪರ್, ಭಯ ಬೇಡ" ಅಂದರು.

ಆಮೇಲೊಮ್ಮೆ ಮಾತ್ರೆಯ ಅಂಶ ರಕ್ತದಲ್ಲಿ ವಿಪರೀತ ಏರಿತ್ತು. ಕಾದು ಕೂತಿದ್ದವರೆಲ್ಲ ತಿರುಗಿ ನೋಡುವ ಹಾಗೆ ಡಾಕ್ಟರು ನನ್ನನ್ನು ಕೇಳಿದರು, "ಡಬಲ್ ಡೋಸ್ ಕುಡುತ್ತೀಂಗಳಾಮ್ಮಾ? ಓದಿದೋರ ತರ ಇದ್ದೀರಾ!"

ನಾನು ಎರಡು ಸಲ ಕೊಟ್ಟಿರಲಿಲ್ಲ. ಆ ಮಾತನ್ನು ಹೇಳಲು ಅವರು ಬಿಡಲೂ ಇಲ್ಲ.

ಮಾತ್ರೆ ಕಡಿಮೆ ಮಾಡಿದರು, ಮತ್ತೆ ಏರಿಸಿದರು. ಕಡೆಗೆ ಒಂದು ದಿನ ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಅಂದರು, "ಕಿಡ್ನಿ ಏಟು ತಿಂದಿದೆ. ಈ ಮಾತ್ರೆಯ ಸೈಡ್ ಎಫೆಕ್ಟ್. ತೆರಿಂಜದು ದಾನೇ."

ಗೊತ್ತಿದ್ದದ್ದೇ ಅಂತೆ. ಯಾರಿಗೆ ಗೊತ್ತಿತ್ತು? ನನಗಾ? ಆ ಕಿಡ್ನಿ ಯಾರದೋ, ಆ ನಮ್ಮವರಿಗಾ?

ಸುದ್ದಿ ಕೇಳಿ ಕೊಳತ್ತೂರಿನ ಅತ್ತಿಗೆ ತಮ್ಮನನ್ನು ನೋಡಲೇಬೇಕು ಎಂದು ಹಠ ಹಿಡಿದರು. ಹೋದೆವು. ಭಾವ ಊರಲ್ಲಿರಲಿಲ್ಲ. ಅತ್ತಿಗೆ ಹಿತ್ತಿಲ ಚಕ್ಕೋತದ ಮರದಿಂದ ಆಗಲೇ ಹಣ್ಣು ಇಳಿಸಿದ್ದರು. ಆಪರೇಷನ್ ಆದಾಗಿನಿಂದ ಹಣ್ಣಿನ ಕಾಲ ಬಂತೆಂದರೆ ವೈರ್ ಬುಟ್ಟಿ ತುಂಬ ತುಂಬಿ ಕಂಡಕ್ಟರ್ ಕೈಲಿ ಕಳಿಸುತ್ತಿದ್ದರು, ನಾನು ಸೇಲಂ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿಕೊಳ್ಳುತ್ತಿದ್ದೆ.

"ಮಾತ್ರೆ ಅಂದ್ರೆ ಉಷ್ಣ ಕಣ್ಲಾ ತಂಬಿ. ನುಂಗಿದ್ ಮ್ಯಾಕೆ ಎಲ್ಡು ತೊಳೆ ಇದ್ ತಿನ್ನು. ಒಟ್ಟೆ ತಂಪಾಯ್ತದೆ."

"ನೀನೇ ಡಾಕ್ಟರ್ ಆಗ್ಬುಡು ಅಕ್ಕಾ, ನಂಗೆ ಬಸ್ ಚಾರ್ಜ್ ಉಳೀತದೆ," ಎಂದು ನಮ್ಮವರು ನಕ್ಕರು.

ಅವತ್ತೂ ಊಟ, ಮಾತ್ರೆ, ಆಮೇಲೆ ಹಣ್ಣು. ಎಂಥ ರಸವೆಂದರೆ ಬಿಡಿಸುತ್ತಿದ್ದ ನನ್ನ ಮೊಳಕೈ ತನಕ ಹರಿಯಿತು. ಮಿಕ್ಕವನ್ನು ಬುಟ್ಟಿಯಲ್ಲಿಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಅಡುಗೆಮನೆಯ ಮೂಲೆಯಲ್ಲಿಟ್ಟರು ಅತ್ತಿಗೆ. ಪಕ್ಕದಲ್ಲೇ ಒಂದು ಬಾಳೆಗೊನೆ ಇತ್ತು.

ಮಲಗಿದ ಸ್ವಲ್ಪ ಹೊತ್ತಿಗೆ ಕರೆಂಟ್ ಹೋಯಿತು. ಫ್ಯಾನ್ ನಿಂತಿತು. ಸೆಖೆ... ಹೊರಗೆ ಒಂದು ನಾಯಿಯೂ ಬೊಗಳುತ್ತಿರಲಿಲ್ಲ.

ಆಗ ಕೇಳಿತು. ಸರ್ರ್... ಸರ್ರ್... ಪಿಚ್.

ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಚಕ್ಕೋತದ ತೊಳೆಯ ಮೇಲಿನ ಬಿಳಿ ಪೊರೆಯನ್ನು ಉಗುರಿನಿಂದ ಎಳೆಯುವ ಸದ್ದು. ಹಿಂದೆಯೇ ವಾಸನೆ ಬಂತು... ಸಿಪ್ಪೆ ಹಿಂಡಿದಾಗ ಮೂಗಿಗೆ ಚುಚ್ಚುವ ಆ ಕಹಿ ವಾಸನೆ.

ಇವರೇ ಎದ್ದು ತಿನ್ನುತ್ತಿರಬೇಕು ಎಂದುಕೊಂಡು ಪಕ್ಕಕ್ಕೆ ಕೈ ಚಾಚಿದೆ. ಕೈಗೆ ಅವರ ಭುಜ ಸಿಕ್ಕಿತು. ನಿದ್ದೆಯಲ್ಲಿದ್ದರು.

"ಇಮಲಾ..." ಆ ಕಡೆಯಿಂದ ನನ್ನನ್ನು ಕರೆದ ಅತ್ತಿಗೆಯ ಪಿಸುದನಿ. "ನಿಂಗೂ ಕೇಳ್ತಾ ಐತಾ?"

"ಹೂಂ."

"ತಂಬಿ ಎದ್ದವ್ನಾ?"

"ಇಲ್ಲ ಅತ್ತಿಗೆ, ಇಲ್ಲೇ ಮಲಗಿದ್ದಾರೆ."

"ಎಗ್ಗಣ ಇದ್ದಾತು..."

"ಹೆಗ್ಗಣ ಪೊರೆ ಬಿಡಿಸಿ ತಿನ್ನುತ್ತಾ ಅತ್ತಿಗೆ?"

ಅವರು ಎದ್ದು ಕೂತರು. ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಮೊಬೈಲ್ ಟಾರ್ಚ್ ಹಾಕಿ ಹೋದೆವು. ಅಡುಗೆಮನೆಯ ಹೊಸ್ತಿಲ ಮೇಲೆ ಕಾಲಿಟ್ಟ ಕೂಡಲೇ ಸದ್ದು ನಿಂತಿತು, ನಮ್ಮನ್ನು ನೋಡಿ ಯಾರೋ ಕೈ ತಡೆದ ಹಾಗೆ.

ಒಳಗೆ ಯಾರೂ ಇಲ್ಲ. ಕಿಟಕಿ ಮುಚ್ಚಿತ್ತು. ಬುಟ್ಟಿಯ ಬಟ್ಟೆಯ ಗಂಟು ಹಾಕಿದ ಹಾಗೇ ಇತ್ತು. ಗಂಟು ಬಿಚ್ಚಿದರೆ ಹಣ್ಣುಗಳೆಲ್ಲ ಇಟ್ಟ ಹಾಗೇ ಇವೆ. ಅತ್ತಿಗೆ ಉಸಿರು ಬಿಟ್ಟು ಒಂದನ್ನು ಎತ್ತಿದರು. ಎತ್ತಿದವರು ಹಾಗೇ ನಿಂತರು.

"ಅಯ್ಯಯ್ಯೋ... ತೂಕಾನೇ ಇಲ್ವಲ್ಲೇ ಇದು."

ಈಳಿಗೆಮಣೆಯ ಮುಂದೆ ಕೂತು ಕೊಯ್ದರು. ಒಳಗೆ ಏನೂ ಇಲ್ಲ. ತೊಳೆಗಳ ನಡುವಿನ ಪೊರೆಗಳು ಮಾತ್ರ ಖಾಲಿ ಕೋಣೆಯ ಗೋಡೆಗಳಂತೆ ಬೆಳ್ಳಗೆ ನಿಂತಿವೆ. ಒಂದು ಹನಿ ರಸವಿಲ್ಲ, ಒಂದು ಬೀಜವಿಲ್ಲ. ಹೊರಗಿನ ಸಿಪ್ಪೆಯಲ್ಲಿ ಸೂಜಿ ಚುಚ್ಚಿದಷ್ಟೂ ತೂತಿಲ್ಲ. ತೊಟ್ಟಿಗೆ ಅಂಟಿದ್ದ ಎಲೆ ಇನ್ನೂ ಹಸಿಯಾಗಿತ್ತು.

ಇನ್ನೊಂದು ಕೊಯ್ದರು. ಅದೂ ಹಾಗೇ. ಮತ್ತೊಂದು... ಎಲ್ಲವೂ.

"ಯಾರೋ ಮಾಟ ಮಾಡವ್ರೆ ಕಣೇ... ಮಾದಪ್ಪಾ, ಕಾಪಾಡಪ್ಪಾ..." ಅತ್ತಿಗೆ ಕೈ ಮುಗಿದರು.

ಆಗ ನಡುಮನೆಯಿಂದ ನಮ್ಮವರ ದನಿ. "ವಿಮಲಾ... ಬಾಯಿ ಒಣಗ್ತಾ ಐತೆ. ಒಂದು ತೊಳೆ ಕೊಡೇ."

ಅತ್ತಿಗೆ ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. "ನೀರ್ ಕೊಡು. ಯೋಳ್ಬ್ಯಾಡ."

ನೀರು ಕೊಟ್ಟೆ. ಕುಡಿದು ಮಲಗಿದರು. ನಾವಿಬ್ಬರೂ ಬೆಳಗಾಗುವ ತನಕ ಗೋಡೆಗೆ ಒರಗಿ ಕೂತೆವು. ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ತಲೆ ಒಂದನ್ನೇ ಹಿಡಿದಿತ್ತು. ಬಾಳೆಗೊನೆಯ ಒಂದು ಹಣ್ಣೂ ಕದಲಿರಲಿಲ್ಲ. ಚಕ್ಕೋತ ಮಾತ್ರ ಯಾಕೆ?

ಬೆಳಿಗ್ಗೆ ಆಸ್ಪತ್ರೆಗೆ ಫೋನ್ ಮಾಡಿದೆ. ಮಾತ್ರೆ, ಪಥ್ಯ ನೋಡಿಕೊಳ್ಳುವ ಹುಡುಗಿ ಎತ್ತಿಕೊಂಡಳು. ಈ ಹಣ್ಣು ತಿನ್ನಬಹುದಾ ಎಂದು ಅದರ ತಮಿಳು ಹೆಸರು ಹೇಳಿಯೇ ಕೇಳಿದೆ.

"ಪಂಬಳಿಮಾಸಾ? ಅಯ್ಯೋ ಮೇಡಂ, ಕೂಡಾದು!" ಬೇಡವೇ ಬೇಡವಂತೆ. ಅದು ಗ್ರೇಪ್‌ಫ್ರೂಟ್ ಜಾತಿಯದೇ ಅಂತೆ. ತಿಂದರೆ ಮಾತ್ರೆ ಮೈಯಲ್ಲಿ ಕರಗದೆ ರಕ್ತದಲ್ಲೇ ನಿಂತು, ಏಟೆಲ್ಲ ಕಿಡ್ನಿಗೆ ಬೀಳುತ್ತದಂತೆ. "ಡಿಸ್‌ಚಾರ್ಜ್ ದಿನಾನೇ ಗ್ರೇಪ್‌ಫ್ರೂಟ್ ವೇಂಡಾಂ ಅಂತ ಹೇಳಿದ್ವಲ್ಲ ಮೇಡಂ?"

ಹೇಳಿದ್ದರು. ಗ್ರೇಪ್‌ಫ್ರೂಟ್ ಎಂದರೆ ನನಗೆ ಕಾನ್ವೆಂಟಿನ ಪಾಠದ ಪುಸ್ತಕದಲ್ಲಿ ಬಿಳಿಯರ ಮಕ್ಕಳು ಚಮಚದಲ್ಲಿ ಅಗೆದು ತಿನ್ನುತ್ತಿದ್ದ ಕೆಂಪು ಹಣ್ಣು. ಸೇಲಂ ಸಂತೆಯಲ್ಲಿ ಅದನ್ನು ಯಾರು ಮಾರುತ್ತಾರೆ? ಇಲ್ಲಿ ಹಿತ್ತಿಲಲ್ಲಿ ಬೆಳೆಯುವ, ಬೀದಿಯಲ್ಲಿ ರಾಶಿ ಹಾಕಿ ಮಾರುವ ಹಣ್ಣಿನ ಹೆಸರನ್ನು ಒಬ್ಬರಾದರೂ ಬಾಯಿ ಬಿಟ್ಟು ಹೇಳಬೇಡವೇ? ಹೋದಾಗಲೆಲ್ಲ "ಮಾತ್ರೆ ಸರಿಯಾಗಿ ಕೊಟ್ರಾ" ಎಂದು ಗದರಿಸಿದವರು ಒಂದು ಸಲವಾದರೂ "ಮನೆಯಲ್ಲಿ ಏನು ತಿಂತಾರೆ" ಎಂದು ಕೇಳಿದರೇ?

ನಾನು ದನಿ ಏರಿಸುವವಳಲ್ಲ. ಅವತ್ತು ಆ ಫೋನಿನಲ್ಲಿ ಬೀದಿಗೆ ಕೇಳುವ ಹಾಗೆ ಕೂಗಾಡಿದೆ. ಆ ಹುಡುಗಿ ಫೋನ್ ಇಟ್ಟಳು. ಪಕ್ಕದಲ್ಲಿ ಅತ್ತಿಗೆ, ಬೆಳಗಿನ ತನಕ ಮಾಟ ಅಂದವರು, ತಲೆ ತಲೆ ಚಚ್ಚಿಕೊಂಡು ಅಳುತ್ತಿದ್ದರು. "ನನ್ ಕೈಯಾರ ತಿನ್ನಿಸ್ದೆನಲ್ಲೇ..." ಅವರ ಕೈ ಹಿಡಿದು ನಾನಂದೆ, "ನೀವಲ್ಲ ಅತ್ತಿಗೆ. ನೀವಲ್ಲ."

ಈಗ ನಮ್ಮವರು ಆ ಹಣ್ಣು ಬಿಟ್ಟಿದ್ದಾರೆ. ರಕ್ತದಲ್ಲಿ ಮಾತ್ರೆಯ ಅಂಶ ಇಳಿದಿದೆ. ಕಿಡ್ನಿ ಮಾತ್ರ ಹಿಂದಿನ ಹಾಗೆ ಆಗಲಿಲ್ಲ. ಹೋದಷ್ಟು ಹೋಯಿತು, ಉಳಿದದ್ದನ್ನು ಕಾಪಾಡಿಕೊಳ್ಳಿ ಎನ್ನುತ್ತಾರೆ ಡಾಕ್ಟರು. ಕಾಪಾಡುವುದು ಹೇಗೆ? ಆ ಮಾತ್ರೆ ನಿಲ್ಲಿಸುವ ಹಾಗಿಲ್ಲ. ಹಣ್ಣಿಲ್ಲದೆಯೂ ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದಂತೆ, ಸ್ವಲ್ಪ ನಿಧಾನವಾಗಿ.

"ಮಾದಪ್ಪನೇ ಬಂದು ಎಚ್ಚರ ಮಾಡವ್ನೆ," ಎಂದು ಅತ್ತಿಗೆ ಈಗ ಬಂದವರಿಗೆಲ್ಲ ಹೇಳುತ್ತಾರೆ. ನಾನು ತಲೆ ಆಡಿಸುತ್ತೇನೆ. ಕಾಪಾಡುವವನೇ ಆಗಿದ್ದರೆ, ಮೊದಲ ಬುಟ್ಟಿ ಬಸ್ಸು ಹತ್ತುವ ಮುಂಚೆ ಬರಬೇಕಿತ್ತು.

ಹೊರಗೆ ಒಂದು ಗೀರೂ ಕಾಣದ ಹಾಗೆ ಒಳಗಿನದನ್ನೆಲ್ಲ ತಿಂದು ಮುಗಿಸುವ ಆ ಯಾವುದೋ ಒಂದು, ಎಚ್ಚರಿಸಲು ಬಂದಿತ್ತೋ, ಹಸಿದು ಬಂದಿತ್ತೋ... ನನಗೆ ತಿಳಿಯದು. ರಾತ್ರಿ ನಮ್ಮವರು ಆ ಕಡೆ ತಿರುಗಿ ಮಲಗಿದಾಗ, ಬೆನ್ನಿನ ಕೆಳಗೆ, ಸೊಂಟದ ಮೇಲೆ, ಕಿಡ್ನಿ ಇರುವ ಕಡೆ ಅಂಗೈ ಇಟ್ಟು ಸುಮ್ಮನೆ ಮಲಗುತ್ತೇನೆ. ಅಂಗೈಗೆ ಬೆಚ್ಚಗಿರುತ್ತದೆ. ಚರ್ಮ ನಯವಾಗಿರುತ್ತದೆ. ಒಳಗೆ ಎಷ್ಟು ಉಳಿದಿದೆಯೋ... ಕಿವಿಗೊಟ್ಟು ಕೇಳಲು ನನಗಿನ್ನೂ ಧೈರ್ಯ ಬಂದಿಲ್ಲ.