ಜಯಂತಿಯ ದಿನ ನಮ್ಮ ವಾರ್ಡನ್ ಬಾಯಿ

ರಾಯಬಾಗದ ಕ್ಯಾಂಪಸ್ಸಿನಲ್ಲಿ ನಾನು ಎಂ.ಎ. ಓದುವಾಗ, ನಾವೆಲ್ಲ ಗೌರವದಿಂದ 'ಬಾಯಿ' ಎನ್ನುತ್ತಿದ್ದ ಹಾಸ್ಟೆಲಿನ ವಾರ್ಡನ್ ಯಾರೇ ಸಿಟ್ಟಿನಿಂದ ಬಂದರೂ ಕುರ್ಚಿ ಎಳೆದು, "ಮದಲ ಕುಂದರ್ರಿ" ಎನ್ನುತ್ತಿದ್ದರು.

ಸಂವಿಧಾನ ಶಿಲ್ಪಿಯ ಜಯಂತಿಯ ದಿನ ಅಪ್ಪ ಸದಲಗಾದಿಂದ ಬಂದ. "ಗಂಡಿನವರು ನೋಡಾಕ ಬರಾಕತ್ತಾರ. ಓದು ಸಾಕು, ಇಕಿನ್ನ ಕರಕೊಂಡ ಹೋಗತೇನ್ರಿ" ಅಂದ.

"ಮದಲ ಕುಂದರ್ರಿ. ಮಗಳ ಭಾಷಣ ಐತಿ, ಕೇಳಿ ಹೋಗ್ರಿ" ಎಂದು ಬಾಯಿ ಅವನನ್ನು ಜಯಂತಿ ಸಭೆಯ ಮುಂದಿನ ಸಾಲಿನಲ್ಲಿ ಕೂಡಿಸಿ, ತಾವು ಕಂಬಕ್ಕೊರಗಿ ನಿಂತರು.

ಹೆಣ್ಣುಮಕ್ಕಳ ಓದಿನ ಬಗ್ಗೆ ನಾನು ಮಾತಾಡಿದೆ. ಅಪ್ಪ ತಲೆ ಎತ್ತಲಿಲ್ಲ.

ಸಭೆ ಮುಗಿದ ಮೇಲೆ ಅವನು, "ಸದಲಗಾ ಬಸ್ ಯಾವಾಗ ಐತ್ರಿ?" ಎಂದು ಕೇಳಿದ. ಬಾಯಿಯ ಮುಖ ಸಪ್ಪಗಾಯಿತು. "ಇಬ್ಬರೂ ಹೊಂಟ್ರೇನ್ರಿ?"

"ನಾ ಒಬ್ಬನ ರೀ. ಗಂಡಿನವರಿಗೆ ಹೇಳತೇನಿ. ಇಕಿ ಓದ ಮುಗಿಸಿ ಬರ್ಲಿ."

ಬಾಯಿ ಹಿಡಿದಿಟ್ಟ ಉಸಿರು ಬಿಟ್ಟದ್ದು ನನಗೂ ಕೇಳಿಸಿತು.