ಮೂವರ ಪದ, ಮಸ್ಕಿಯ ಸಂಜೆ

ಎರಡು ವರ್ಷದ ಹಿಂದಿನ ಮಾತು. ಸಿಂಧನೂರಿನಲ್ಲಿ ನನ್ನದೊಂದು ರೆಕಾರ್ಡಿಂಗ್ ಸ್ಟುಡಿಯೋ ಇದೆ. ಸೌಂಡ್ ಎಂಜಿನಿಯರ್ ಆಗಿ ಅರ್ಧ ಆಯುಷ್ಯ ಅಲ್ಲೇ ಕಳೆದಿದ್ದೇನೆ. ಚುನಾವಣೆ ಪ್ರಚಾರ, ಬಟ್ಟೆ ಅಂಗಡಿಯ ಜಾಹೀರಾತು, ಮಠದ ಭಕ್ತಿಗೀತೆ, ಇಂಥವೇ ಕೆಲಸ. ಆ ವರ್ಷ ಭತ್ತದ ಕೊಯ್ಲು ಮುಗಿದ ಮೇಲೆ ಮೂವರು ಹಾಡುಗಾರರು ಒಟ್ಟಿಗೆ ಬಂದು, ತಾವೇ ಕಟ್ಟಿದ ಪದಗಳದೊಂದು ಆಲ್ಬಂ ಮಾಡಬೇಕು, ಲಿಂಗಸುಗೂರು, ಮಸ್ಕಿ, ಸಿಂಧನೂರಿನಲ್ಲಿ ಹಾಡಬೇಕು ಎಂದಾಗ ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಮಸ್ಕಿಯ ಶರಣಯ್ಯನವರು ಕಿರಾಣಿ ಅಂಗಡಿಯವರು, ಏಕತಾರಿ ಹಿಡಿದು ತತ್ವಪದ ಹಾಡುವವರು. ತುರ್ವಿಹಾಳದ ಹುಲಿಗೆಮ್ಮ ನಾಟಿ ಕೆಲಸಕ್ಕೆ ಹೋಗುತ್ತ ಗದ್ದೆಯಲ್ಲೇ ಪದ ಕಟ್ಟುವವರು. ಸಿಂಧನೂರಿನ ಬಳಿಯ ಪುನರ್ವಸತಿ ಊರಾದ ಆರ್.ಎಚ್. ಕ್ಯಾಂಪಿನ ನಿರ್ಮಲ್ ಬಂಗಾಳಿ ಮನೆತನದ ರೈತ; ದೋತಾರಾ ಎಂಬ ತಂತಿವಾದ್ಯ ನುಡಿಸುತ್ತ ಬಂಗಾಳಿ, ಕನ್ನಡ ಎರಡರಲ್ಲೂ ಹಾಡುತ್ತಾನೆ.

ಸ್ಟುಡಿಯೋದಲ್ಲಿ ಒಬ್ಬೊಬ್ಬರನ್ನೇ ಹಾಡಿಸಿ, ಆಮೇಲೆ ಕೂಡಿಸುವುದು ರೂಢಿ. ಹೆಡ್‌ಫೋನ್ ಹಾಕಿಕೊಂಡು ಒಂಟಿಯಾಗಿ ನಿಂತ ಹುಲಿಗೆಮ್ಮನ ದನಿ ಸಪ್ಪಗಾಯಿತು.

“ಅಕ್ಕಾ, ಈ ಖೋಲ್ಯಾಗ ನನ್ನ ದನಿ ನನಗ ಪರಾಯಿ ಆಗೇತಿ. ಅವರನ್ನೂ ಒಳಗ ಕರೀರಿ” ಎಂದರು.

ಕರೆದೆ. ಎದುರುಬದುರು ಕೂರಿಸಿದೆ. ಹಾಗೆ ಮಾಡಿದರೆ ಒಬ್ಬರ ದನಿ ಇನ್ನೊಬ್ಬರ ಮೈಕಿಗೆ ಸೋರುತ್ತದೆ. ಒಬ್ಬರು ತಪ್ಪಿದರೆ ಎಲ್ಲರೂ ಮತ್ತೆ ಹಾಡಬೇಕು. ಆದರೆ ದೋತಾರಾ ಶುರುವಾಗಿ ಹುಲಿಗೆಮ್ಮ ದನಿ ಎತ್ತಿದಾಗ ನನ್ನ ಮೈ ಜುಮ್ಮೆಂದಿತು. ಶರಣಯ್ಯನವರದು ಒಂದೇ ಪಟ್ಟು: “ನನ್ನ ಪದ ನನ್ನ ಬಾಯಿಂದನ ಬರಬೇಕ್ರೀ. ಬೇಕಾದ್ರ ಇವರಿಬ್ಬರೂ ಹಿಮ್ಮೇಳ ಹಾಡ್ಲಿ.” ಹಾಗೇ ಆಯಿತು.

ಲಿಂಗಸುಗೂರಿನಲ್ಲಿ ಜನ ಕಾಂಪೌಂಡ್ ಗೋಡೆಯ ಮೇಲೂ ಕೂತಿದ್ದರು. ‘ಇನ್ನೊಮ್ಮೆ, ಇನ್ನೊಮ್ಮೆ’ ಎಂಬ ಕೂಗಿಗೆ ಶರಣಯ್ಯನವರು ಹಾಡಿಯೇ ಹಾಡಿದರು. ಮರುದಿನ ಮಸ್ಕಿಯಲ್ಲಿ ಎದ್ದಾಗ ಅವರ ಗಂಟಲಿಂದ ಬರೀ ಗಾಳಿ ಬರುತ್ತಿತ್ತು. ಮಾತೂ ಆಡಬಾರದೆಂದರು ಡಾಕ್ಟರು. ಸಂಜೆಗೆ ಕಾರ್ಯಕ್ರಮ, ಅದೂ ಅವರದೇ ಊರು.

ಸಂಘಟಕರಲ್ಲೊಬ್ಬರು ನನ್ನ ಹತ್ತಿರ ಬಂದರು. “ರೆಕಾರ್ಡಿಂಗ್ ಐತೆಲ್ಲರೀ ಮೇಡಂ, ಹಚ್ಚಿಬಿಡ್ರಿ. ಇವರು ಬಾಯಿ ಆಡಿಸಿದ್ರ ಸಾಕು.”

ಶರಣಯ್ಯನವರು ಜೋರಾಗಿ ತಲೆ ಅಲ್ಲಾಡಿಸಿದರು. ಹುಲಿಗೆಮ್ಮನನ್ನು ಹತ್ತಿರ ಕರೆದು ಪಿಸುಗುಟ್ಟಿದರು: “ನೀ ಹಾಡವ್ವ.”

“ನಿಮ್ಮ ಪದಾನ? ನಿಮ್ಮೂರಾಗ?”

“ಇವತ್ತಿಗೆ ಅದು ನಿಂದು.”

ಹುಲಿಗೆಮ್ಮನ ಶ್ರುತಿ ಎತ್ತರದ್ದು. ಏಕತಾರಿ, ದೋತಾರಾ ಎರಡರ ತಂತಿಯನ್ನೂ ಬಿಗಿಯಬೇಕಾಯಿತು. ದೋತಾರಾದ ತಂತಿಯೊಂದು ಟಣ್ ಎಂದು ಕಡಿಯಿತು. “ತಂತಿ ಹೋದ್ರ ಹೋಗ್ಲಿ ಬಿಡ್ರಿ, ಪದ ಉಳದ್ರ ಸಾಕು” ಎಂದು ನಗುತ್ತಲೇ ನಿರ್ಮಲ್ ಹೊಸದು ಕಟ್ಟಿದ.

ಮೂವರೂ ವೇದಿಕೆಗೆ ಹೋದರು. ಶರಣಯ್ಯನವರ ಮುಂದೆ ಮೈಕ್ ಇತ್ತು. ನಾನು ಮಿಕ್ಸರ್‌ನಲ್ಲಿ ಅದನ್ನು ಬಂದ್ ಮಾಡಿದ್ದೆ. ಹುಲಿಗೆಮ್ಮ ಕಣ್ಣು ಮುಚ್ಚಿ ಎತ್ತಿಕೊಂಡರು:

“ಕಾಲುವಿ ನೀರಿಗಿ ಊರ್ಯಾವುದವ್ವ,
ಹರಿದಲ್ಲೇ ಅದರ ತವರು...”

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಮ್ಮೂರ ಶರಣಯ್ಯ ಯಾಕೆ ಹಾಡುತ್ತಿಲ್ಲ ಎಂಬ ಗುಸುಗುಸು ಎದ್ದಿತು. ನಿರ್ಮಲ್ ಅದೇ ಸಾಲನ್ನು ಬಂಗಾಳಿಯಲ್ಲಿ ತಿರುಗಿಸಿ ಹಾಡಿದ. ಮೂರನೇ ಸಲಕ್ಕೆ ಮುಂದಿನ ಸಾಲಿನ ಮುದುಕಿಯೊಬ್ಬಳು ದನಿಗೂಡಿಸಿದಳು. ಅವಳ ಹಿಂದೆ ಹೆಂಗಸರು, ಆಮೇಲೆ ಸಭಾಭವನದ ಬಾಗಿಲಲ್ಲಿ ನಿಂತ ಗಂಡಸರು. ಅಷ್ಟರಲ್ಲಿ ಶರಣಯ್ಯನವರು ಎದ್ದರು. ತಮ್ಮ ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು ಜನರ ಕಡೆ ಚಾಚಿ, ನನ್ನತ್ತ ನೋಡಿದರು. ಅರ್ಥವಾಯಿತು. ಆ ಮೈಕಿನ ದನಿ ಏರಿಸುವ ಫೇಡರನ್ನು ಮೇಲಕ್ಕೆ ಸರಿಸಿದೆ.

ಸ್ಪೀಕರುಗಳಿಂದ ಮಸ್ಕಿಯೇ ಹಾಡತೊಡಗಿತು! ಶರಣಯ್ಯನವರ ಗಲ್ಲದ ಮೇಲೆ ನೀರು ಇಳಿಯುತ್ತಿತ್ತು; ಅವರು ನಗುತ್ತಿದ್ದರು.

ಸಿಂಧನೂರಿನಲ್ಲಿ ಆಲ್ಬಂ ಬಿಡುಗಡೆಗೆ ಮುನ್ನ, ಗಂಟಲು ಸುಧಾರಿಸಿದ ಮೇಲೆ, ಅವರೇ ಬಂದು ಹೇಳಿದರು: “ನಾ ಹಾಡಿದ್ದು ತಗೀರಿ. ಮಸ್ಕ್ಯಾಗಿಂದು ಹಾಕ್ರಿ.” ಚಪ್ಪಾಳೆ, ಕೆಮ್ಮು, ದೂರದ ಬಸ್ಸಿನ ಹಾರ್ನ್ ಎಲ್ಲ ಇರುವ, ಆ ಸಂಜೆ ಮಿಕ್ಸರಿನಿಂದಲೇ ನಾನು ಹಿಡಿದಿಟ್ಟುಕೊಂಡಿದ್ದ ರೆಕಾರ್ಡಿಂಗ್ ಅದು. ಒಂದನ್ನೂ ಅಳಿಸಲಿಲ್ಲ.

ಗಂಟಲು ಕಟ್ಟಿದ ಹಾಡುಗಾರನ ಮೈಕನ್ನು ಅಂದಿನಿಂದ ನಾನು ಪೂರ್ತಿ ಬಂದ್ ಮಾಡುವುದಿಲ್ಲ. ಒಂದು ಬೆರಳು ಅದರ ಫೇಡರ್ ಮೇಲೆಯೇ ಇರುತ್ತದೆ.