ಹೊಳೆ ನೋಡಲು ಹೋದ ಕೊಡಗಳು

ನಮ್ಮ ಕಡೆಯವರಿಗೆ ನೀರು ಕಂಡರೆ ಕವಿತೆ ಹುಟ್ಟುವುದಿಲ್ಲ, ಮನೆಯಲ್ಲಿ ಖಾಲಿ ಬಿದ್ದಿರುವ ಕೊಡ ನೆನಪಾಗುತ್ತದೆ. ನಾನು ಕಾನಹೊಸಹಳ್ಳಿಯ ಶಾಲೆಯಲ್ಲಿ ಟೀಚರಮ್ಮನಾಗಿದ್ದಾಗ ಮಕ್ಕಳಿಗೆ ನದಿಯ ಸೌಂದರ್ಯದ ಮೇಲೆ ಪ್ರಬಂಧ ಬರೆಯಲು ಹೇಳಿದ್ದೆ. ಒಬ್ಬಳು ಹುಡುಗಿ, 'ನದಿ ಬಹಳ ಸುಂದರವಾಗಿರುತ್ತದೆ, ಏಕೆಂದರೆ ಅಲ್ಲಿ ಕೊಡ ಸಾಲಾಗಿಟ್ಟು ಪಾಳಿ ಹಚ್ಚಬೇಕಾಗಿಲ್ಲ' ಎಂದು ಒಂದೇ ವಾಕ್ಯ ಬರೆದು ಕೈಕಟ್ಟಿ ಕೂತಳು. ನಾನು ಪೂರ್ತಿ ಅಂಕ ಕೊಟ್ಟೆ. ಆದರೆ ಆ ಹುಡುಗಿಯ ಮಾತು ತಪ್ಪು ಎಂದು ಆ ವರ್ಷದ ಚಳಿಗಾಲದಲ್ಲೇ ಗೊತ್ತಾಯಿತು. ನಮ್ಮೂರಿನವರು ತುಂಗಭದ್ರೆಯ ನಡುಮಧ್ಯದಲ್ಲೂ ಪಾಳಿ ಹಚ್ಚಬಲ್ಲರು. ನಾನೇ ಆ ಪಾಳಿಯಲ್ಲಿ ಕೂತು ಬಂದಿದ್ದೇನೆ.

ಅದಕ್ಕೆಲ್ಲ ಕಾರಣ ಖಾಜಣ್ಣ. ಹೆದ್ದಾರಿಯ ಬದಿಗೆ ಅವನದೊಂದು ಗ್ಯಾರೇಜು. ದೇಶದ ಮೂಲೆಮೂಲೆಯ ಲಾರಿಗಳು ಕೆಟ್ಟರೆ ಅವನ ಅಂಗಳಕ್ಕೆ ಬಂದು ನಿಲ್ಲುತ್ತಿದ್ದವು. ರಿಪೇರಿ ಮುಗಿಯುವ ತನಕ ಡ್ರೈವರುಗಳಿಗೂ ಕೆಲಸವಿಲ್ಲ, ಹಾಗಾಗಿ ಜಗತ್ತಿನ ಸುದ್ದಿಯೆಲ್ಲ ಅವನ ಕಿವಿಗೆ ಬೀಳುತ್ತಿತ್ತು. ಯಾರೋ ಒಬ್ಬ, ದೊಡ್ಡ ದೊಡ್ಡ ಊರುಗಳಲ್ಲಿ ಜನ ಬೇಕೆಂದೇ ಹೊಳೆಗೆ ಹೋಗಿ ರಬ್ಬರಿನ ದೋಣಿಯಲ್ಲಿ ಕೂತು ಎದ್ದು ಬಿದ್ದು ಬರುತ್ತಾರೆ, ಸಂಜೆಗೆ ಕಾಡಿನಲ್ಲಿ ಹುಲಿ ನೋಡುತ್ತಾರೆ, ಇದಕ್ಕೆಲ್ಲ ಒಬ್ಬ ಗೈಡ್ ಇರುತ್ತಾನೆ ಎಂದು ಹೇಳಿಬಿಟ್ಟ. ಖಾಜಣ್ಣನ ತಲೆಯಲ್ಲಿ ಅಂದಿನಿಂದ ಎಂಜಿನ್ ಆಫ್ ಆಗಲಿಲ್ಲ.

"ನಮಗೇನು ಕಮ್ಮಿ ಐತ್ರಿ ಟೀಚರಮ್ಮ? ಹಂಪಸಾಗರದಾಗ ಹೊಳಿ ಐತಿ, ಗುಡೇಕೋಟಿ ಕಡೆ ಅಡವಿ ಐತಿ. ರಬ್ಬರ್ ದೋಣಿ ಇಲ್ಲಂದ್ರ ಹರಿಗೋಲು. ಹುಲಿ ಇಲ್ಲಂದ್ರ ಕರಡಿ. ಮುಂಜಾನೆ ಹೊಳಿ, ಸಂಜಿಗೆ ಕರಡಿ, ರಾತ್ರಿ ಊಟಕ್ಕ ಮನಿ!"

"ಗೈಡ್ ಯಾರು ಖಾಜಣ್ಣ?"

"ನಾನಾ."

"ನೀ ಕರಡಿ ನೋಡೀಯೇನು?"

"ನಾ ನೋಡಿಲ್ರಿ. ಅದು ನನ್ನ ನೋಡಿರಬೇಕು."

ಇಷ್ಟು ಪ್ರಾಮಾಣಿಕನಾದ ಗೈಡ್ ಎಲ್ಲಿಯೂ ಸಿಗಲಾರ ಎಂದು ನಾನು ಒಪ್ಪಿಬಿಟ್ಟೆ. ಅಪ್ಪ ಮಾತ್ರ, ನೀರು ನೋಡುವುದಕ್ಕೆ ಅಷ್ಟು ದೂರ ಹೋಗಬೇಕೇ ಎಂದು ಮಗ್ಗುಲು ಬದಲಿಸಿ ಮಲಗಿದ. ಆಶ್ಚರ್ಯವೆಂದರೆ ಅವ್ವ ಒಪ್ಪಿದ್ದು. ಸಂತೆಗೆ ಹೋಗುವುದನ್ನೇ ದಂಡಯಾತ್ರೆ ಎಂದು ತಿಳಿದಿದ್ದವಳು ನನಗಿಂತ ಮೊದಲೇ ತಲೆ ಬಾಚಿಕೊಂಡು, ತಂಗಿ ಮಂಗಳಳನ್ನೂ ಹೊರಡಿಸಿಕೊಂಡು ಖಾಜಣ್ಣನ ಮೆಟಡೋರ್ ವ್ಯಾನಿನ ಹತ್ತಿರ ನಿಂತಿದ್ದಳು. ಸೊಂಟದ ಹತ್ತಿರ ಸೆರಗು ಅನುಮಾನ ಬರುವಷ್ಟು ಉಬ್ಬಿತ್ತು.

ಅವ್ವನ ಕಥೆ ನಿಮಗೆ ಹೇಳಲೇಬೇಕು. ಮರುದಿನ ಮಂಗಳಳನ್ನು ನೋಡಲು ಹಡಗಲಿ ಕಡೆಯ ಹೊಳೆದಂಡೆಯ ಊರಿನಿಂದ ಗಂಡಿನವರು ಬರುವವರಿದ್ದರು. ಅವರಿಗಿಂತ ಮೊದಲು ಬಂದಿದ್ದ ಬೇರೆ ಗಂಡಿನವರು ಹುಡುಗಿಯನ್ನು ಒಪ್ಪಿದಂತೆಯೇ ತಲೆಯಾಡಿಸಿ, ಹೋಳಿಗೆಗೆ ಕೈ ಹಚ್ಚಿ, ಬೇಳೆ ಒರಟಾಯಿತೆಂದು ಮುಖ ಸಣ್ಣದು ಮಾಡಿ ಎದ್ದು ಹೋಗಿ ಮತ್ತೆ ಸುದ್ದಿಯನ್ನೇ ಹೇಳಿ ಕಳಿಸಲಿಲ್ಲ. ಅದು ಬೇಳೆಯ ತಪ್ಪಲ್ಲ. ನಮ್ಮೂರ ಬಾವಿಯ ನೀರು ಸವಳು. ಅದರಲ್ಲಿ ಬೇಳೆ ಹಾಕಿ ಬೆಂಕಿ ಹಚ್ಚಿದರೆ ಕಟ್ಟಿಗೆ ಬೂದಿಯಾಗುತ್ತದೆ, ಒಲೆಯ ಮುಂದೆ ಕೂತವರು ಬೇಯುತ್ತಾರೆ, ಬೇಳೆ ಮಾತ್ರ ಅಂಗಡಿಯಿಂದ ತಂದಾಗ ಹೇಗಿತ್ತೋ ಹಾಗೇ ಗಟ್ಟಿಯಾಗಿರುತ್ತದೆ. ನನ್ನನ್ನು ಅದೇ ಓಣಿಯಲ್ಲಿ ಕೊಟ್ಟಿದ್ದರಿಂದ ನನಗೆ ಈ ಪರೀಕ್ಷೆ ಬರಲಿಲ್ಲ. ಅತ್ತೆಯ ಮನೆಯ ಬೇಳೆಯೂ ಅಷ್ಟೇ ಹಟಮಾರಿಯಾಗಿತ್ತು. ಆದರೆ ಈಗ ಬರುವವರು ಹುಟ್ಟಿದಾಗಿನಿಂದ ಹೊಳೆ ನೀರಿನ ಬೇಳೆ ತಿಂದವರು. ಹೊಳೆ ನೀರಿನಲ್ಲಿ ಹೋಳಿಗೆಯಾಗದಿದ್ದರೆ ಮಂಗಳಳ ಮದುವೆಯಾಗದು ಎಂದು ಅವ್ವ ತೀರ್ಮಾನಿಸಿದ್ದಳು. ಕರಡಿ, ಹರಿಗೋಲು, ಖಾಜಣ್ಣನ ಕನಸು ಎಲ್ಲವೂ ಅವಳ ಪಾಲಿಗೆ ಒಂದು ತಾಮ್ರದ ಕೊಡಕ್ಕೆ ಸಿಕ್ಕ ಪುಕ್ಕಟೆ ಸವಾರಿ.

ಲಗೇಜು ತರಬಾರದು, ಇದು ಟೂರು ಎಂದು ಖಾಜಣ್ಣ ಮೊದಲೇ ಎಚ್ಚರಿಸಿದ್ದ. ಎಲ್ಲರೂ ಸಭ್ಯರಾಗಿ ಬುತ್ತಿ ಗಂಟು ಮಾತ್ರ ಕೈಯಲ್ಲಿ ಹಿಡಿದು ಹತ್ತಿದರು. ಮೆಟಡೋರ್ ಮೊದಲ ಗುಂಡಿಗೆ ಇಳಿದು ಎದ್ದಾಗ ಎಲ್ಲ ಸೀಟುಗಳ ಕೆಳಗಿನಿಂದ ಢಣ್ ಎಂಬ ಸದ್ದು ಬಂತು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ನೆರೆಮನೆಯ ಗೌರಕ್ಕ ಜೋರಾಗಿ ಶಿವನಾಮ ಶುರು ಮಾಡಿದಳು. ಎರಡನೆಯ ಗುಂಡಿಗೆ ಅವಳ ಸೀಟಿನ ಕೆಳಗಿನಿಂದ ಕೊಡವೊಂದು ಉರುಳಿ ಬಂದು ಡ್ರೈವರ್ ಸೀಟಿಗೆ ಬಡಿದು ನಿಂತಿತು. ಆಮೇಲೆ ಮುಚ್ಚಿಡಲು ಏನೂ ಉಳಿಯಲಿಲ್ಲ. ಒಬ್ಬೊಬ್ಬರ ಗುಟ್ಟೂ ಹೊರಗೆ ಬಂತು. ಗೌರಕ್ಕನದು ಸೋಮವಾರದ ಅಭಿಷೇಕಕ್ಕೆ, ಮತ್ತೊಬ್ಬಳದು ಸೀಗೆಕಾಯಿ ನೊರೆ ಬರಲೆಂದು ತಲೆಸ್ನಾನಕ್ಕೆ, ಇನ್ನೊಬ್ಬರದು ಸುಮ್ಮನೆ, ಹೊಳೆಗೆ ಹೋಗಿ ಬರಿಗೈಲಿ ಬರುವುದು ಹೇಗೆ ಎಂಬ ಸಂಕೋಚಕ್ಕೆ.

ಖಾಜಣ್ಣ ಹಣೆ ಬಡಿದುಕೊಂಡ. "ಎಲ್ಲಾರೂ ಬುದ್ಧಿ ಇಲ್ದೋರು! ಹೊಳಿಗೆ ಹೊಂಟೀವಿ ಅಂತ ನಾನು ಗಾಡಿಗೆ ಹಾಕೋ ನೀರಿನ ಡಬ್ಬಿನೂ ಮನಿಯಾಗ ಬಿಟ್ಟು ಬಂದೀನಿ." ಈ ಮಾತನ್ನು ಅವನು ಬಹಳ ಹೆಮ್ಮೆಯಿಂದ ಹೇಳಿದ. ನೀವು ಇದನ್ನು ನೆನಪಿಟ್ಟುಕೊಳ್ಳಿ.

ಹಂಪಸಾಗರದ ದಂಡೆಯಲ್ಲಿ ನಮಗೆ ಕಾದಿದ್ದ ಹರಿಗೋಲಿನ ಬಗ್ಗೆ ಎರಡು ಮಾತು. ವಿಜಯನಗರದ ಕಾಲದಲ್ಲಿ ಬಂದ ಪರದೇಶಿ ಪ್ರವಾಸಿಗಳು ನಮ್ಮ ಹೊಳೆಯಲ್ಲಿ ಜನ ಬುಟ್ಟಿಯಲ್ಲಿ ಕೂತು ಓಡಾಡುವುದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾರಂತೆ. ಅಷ್ಟು ವೈಭವ ನೋಡಲು ಬಂದವರಿಗೆ ಕಡೆಗೆ ಕಣ್ಣಿಗೆ ಬಿದ್ದದ್ದು ಬುಟ್ಟಿ. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಅದಕ್ಕೇ. ದುಂಡಗಿರುವ ಈ ಬುಟ್ಟಿಗೆ ಹಿಂದು ಮುಂದು ಇಲ್ಲ. ಗೈಡ್ ಆಗಿದ್ದ ಖಾಜಣ್ಣ ಶಾಸ್ತ್ರೋಕ್ತವಾಗಿ ಮುಂದೆ ಕೂಡಬೇಕೆಂದು, "ಇದರಾಗ ಮುಂದ ಯಾವುದಪ?" ಎಂದು ಕೇಳಿದ.

"ನೀ ಯಾ ಕಡೆ ಮಾರಿ ಮಾಡ್ತೀಯೋ ಆ ಕಡೆ," ಎಂದ ಅಂಬಿಗ. ಬಾಯಿಂದ ಬೀಡಿ ಕೂಡ ತೆಗೆಯಲಿಲ್ಲ.

ಅಂಬಿಗನಿಗೆ ನಮ್ಮ ವಯಸ್ಸು, ಜಾತಿ, ನೌಕರಿ ಯಾವುದೂ ಬೇಕಿರಲಿಲ್ಲ. ಅವನು ನೋಡಿದ್ದು ತೂಕ ಮಾತ್ರ. ಗೌರಕ್ಕನನ್ನು ಒಂದು ಬದಿಗೆ ಕೂರಿಸಿ, ಅವಳಿಗೆ ಸರಿಸಮ ಮಾಡಲು ಎದುರು ಬದಿಗೆ ನನ್ನನ್ನೂ ಮಂಗಳಳನ್ನೂ ಕೂರಿಸಿ, ಸಾಲದೆ ಖಾಜಣ್ಣನನ್ನೂ ತಳ್ಳಿದ. ಗೌರಕ್ಕ ಮುಖ ಊದಿಸಿಕೊಂಡಳು. ಸರ್ಕಾರಿ ಸಂಬಳ, ಕನ್ನಡ ವ್ಯಾಕರಣ ಎಲ್ಲ ಸೇರಿಸಿ ನನ್ನ ಬೆಲೆ ಗೌರಕ್ಕನ ಅರ್ಧವೂ ಇಲ್ಲವೆಂದು ನನಗೆ ಅಂದು ತಿಳಿಯಿತು.

ದಂಡೆಯಲ್ಲಿ ಎಮ್ಮೆಗಳು ಮೈ ತೊಳೆಸಿಕೊಳ್ಳುತ್ತಿದ್ದವು, ಹಾಗಾಗಿ ಹೆಂಗಸರಿಗೆ ನಡುಹೊಳೆಯ ನೀರೇ ಬೇಕಾಯಿತು. ನಡುಹೊಳೆ ಬಂದದ್ದೇ ತಡ, ಎಲ್ಲರೂ ಒಂದೇ ಸಲ ಕೊಡ ಹಿಡಿದು ಒಂದೇ ಬದಿಗೆ ಬಾಗಿದರು. ಬುಟ್ಟಿ ವಾಲಿತು. ಆಕಾಶ ನನ್ನ ಕಾಲ ಬುಡಕ್ಕೆ ಬಂತು. ಗೌರಕ್ಕ ಶಿವನನ್ನು ಬಿಟ್ಟು ಖಾಜಣ್ಣನ ಅಂಗಿ ಹಿಡಿದಳು.

"ಪಾಳಿ! ಪಾಳಿ ಹಚ್ರವ್ವಾ!" ಎಂದು ಅಂಬಿಗ ಕಿರುಚಿದ.

ಆ ಶಬ್ದ ಕೇಳಿದ್ದೇ ನಮ್ಮವರು ಶಿಸ್ತಿಗೆ ಬಂದರು. ಅಂಬಿಗ ಹುಟ್ಟು ಹಾಕಿ ಬುಟ್ಟಿಯನ್ನು ನಿಂತಲ್ಲೇ ತಿರುಗಿಸುವುದು, ತನ್ನ ಬಳಿಗೆ ಬಂದವಳು ಕೊಡ ಅದ್ದಿಕೊಳ್ಳುವುದು. ಸುತ್ತ ಕಣ್ಣು ಹಾಯುವಷ್ಟು ದೂರ ನೀರು. ನಾವು ಮಾತ್ರ ಊರ ಬೋರಿಂಗ್ ಪಂಪಿನ ಮುಂದೆ ನಿಂತವರ ಹಾಗೆ, "ನಂದು ಮೊದಲ ಇತ್ತು," "ನೀ ಆಗಲೇ ಒಂದು ಚೊಂಬು ತುಂಬಿದಿ," ಎಂದು ಜಗಳವಾಡಿಕೊಂಡು ಗರಗರ ತಿರುಗಿದೆವು. ಅವ್ವ ತನ್ನ ಕೊಡ ತುಂಬಿಸಿ, ಬಾಳೆ ಎಲೆ ಮುಚ್ಚಿ, ಬಟ್ಟೆ ಕಟ್ಟಿ, ಎರಡು ಕಾಲಿನ ನಡುವೆ ಇಟ್ಟುಕೊಂಡಳು. ನಾನು ಹೊಳೆಯ ಸೌಂದರ್ಯ ನೋಡಿದೆನೇ ಎಂದು ಕೇಳಬೇಡಿ. ನಾನು ಕಂಡಿದ್ದು ಕೊಡದ ಕಂಠ, ಗೌರಕ್ಕನ ಮೊಣಕಾಲು.

ಮಧ್ಯಾಹ್ನದ ಮೇಲೆ ಬೊಮ್ಮನಹಳ್ಳಿ, ಕೂಡ್ಲಿಗಿ ದಾಟಿ ಗುಡೇಕೋಟೆಯ ಕಡೆ ಹೊರಳಿದೆವು. ಅಡವಿ ಎಂದರೆ ನೀವು ದೊಡ್ಡ ದೊಡ್ಡ ಮರಗಳನ್ನು ಕಲ್ಪಿಸಿಕೊಳ್ಳಬೇಡಿ. ನಮ್ಮ ಅಡವಿಯಲ್ಲಿ ಬಂಡೆಗಳೇ ಮರಗಳಷ್ಟು ಎತ್ತರ, ಮರಗಳು ನಮ್ಮಷ್ಟು. ಖಾಜಣ್ಣ ಒಂದು ಕೈಯಲ್ಲಿ ಸ್ಟೇರಿಂಗ್ ಹಿಡಿದು ಇನ್ನೊಂದು ಕೈಯಲ್ಲಿ ಗೈಡ್ ಕೆಲಸ ಮಾಡುತ್ತಿದ್ದ. "ಆ ಬಂಡಿಗಲ್ಲಿನ ಮ್ಯಾಲೆ ನೋಡ್ರಿ, ಈಗ ಇತ್ತು." ಎಲ್ಲರೂ ನೋಡುವುದರೊಳಗೆ, "ಹೋತು." ಹೀಗೆ ಕಾಣದ ಕರಡಿಗಳನ್ನು ಸಾಲಾಗಿ ತೋರಿಸಿದ. ತುಂಬಿದ ಕೊಡಗಳ ಭಾರಕ್ಕೆ ವ್ಯಾನು ಗರ್ಭಿಣಿಯ ಹಾಗೆ ನಿಧಾನಕ್ಕೆ ಹೋಗುತ್ತಿತ್ತು. ಏರಿನಲ್ಲಿ ಬಾನೆಟ್ಟಿನಿಂದ ಬಿಳಿಯ ಹೊಗೆ ಎದ್ದಿತು. ಇದು ಅಡವಿಯ ಮಂಜು ಎಂದು ಗೌರಕ್ಕ ಕೈ ಮುಗಿಯುವಷ್ಟರಲ್ಲಿ ಗಾಡಿ ನಿಂತಿತು.

ರೇಡಿಯೇಟರ್ ಒಣಗಿ ಕುದಿಯುತ್ತಿತ್ತು. ಖಾಜಣ್ಣ ಇಳಿದು, ಬಾನೆಟ್ ಎತ್ತಿ, ಅಭ್ಯಾಸಬಲದಿಂದ ಸೀಟಿನ ಹಿಂದೆ ಕೈ ಹಾಕಿ ನೀರಿನ ಡಬ್ಬಿ ತಡವಿದ. ಆಮೇಲೆ ನೆನಪಾಯಿತು. ಅಷ್ಟು ನೀರಿದ್ದ ಆ ಗಾಡಿಯಲ್ಲಿ ನೀರಿಲ್ಲದ ಮನುಷ್ಯ ಅವನೊಬ್ಬನೇ.

"ಯಾರಾದ್ರೂ ಒಂದು ಕೊಡ ಕೊಡ್ರವ್ವಾ. ಎಂಜಿನ್ ತಣ್ಣಗಾದ ಕೂಡಲೇ ಹಾಕಿ ಹೋಗೋಣು."

ಗೌರಕ್ಕ ತನ್ನದು ದೇವರ ನೀರು, ಎಂಜಿನ್ನಿಗೆ ಹಾಕಿದರೆ ಪಾಪ ಬರುತ್ತದೆ ಎಂದಳು. ಎಂಜಿನ್ನಿಗೂ ಅಭಿಷೇಕ ಎಂದುಕೊಂಡರಾಯಿತು ಎಂದ ಖಾಜಣ್ಣ. ತಲೆಸ್ನಾನದವಳು ಕೊಡದ ಮೇಲೆಯೇ ಕೂತುಬಿಟ್ಟಳು. ಅವ್ವ ಕೊಡವನ್ನು ತಬ್ಬಿಕೊಂಡಿದ್ದ ರೀತಿ ನೋಡಿ ಅವಳನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹೊತ್ತು ಇಳಿಯುತ್ತಿತ್ತು.

ಆಗ ಕರಡಿ ಬಂತು.

ನಿಜವಾದ ಕರಡಿ, ಬೆನ್ನಿನ ಮೇಲೆ ಎರಡು ಮರಿಗಳನ್ನು ಕೂರಿಸಿಕೊಂಡು. ಬಂಡೆಯ ಸಂದಿಯಿಂದ ಹೊರಗೆ ಬಂದು, ದಾರಿಯ ಆಚೆ ನಿಂತು ನಮ್ಮನ್ನು ನೋಡಿತು. ಕೊಡಗಳನ್ನು ತಬ್ಬಿಕೊಂಡು ಕಚ್ಚಾಡುವ ಹೆಂಗಸರನ್ನು ಮಕ್ಕಳಿಗೆ ತೋರಿಸಲೆಂದೇ ಕರೆತಂದ ಹಾಗಿತ್ತು. ಗೈಡ್ ಮಾತ್ರ ನೋಡಲಿಲ್ಲ. ಅವನು ಬಾನೆಟ್ಟಿನೊಳಗೆ ತಲೆ ಹಾಕಿದ್ದ.

"ಖಾಜಣ್ಣ, ಕರಡಿ," ಎಂದೆ.

"ಹೋಗಿರತೈತಿ ಬಿಡ್ರಿ," ಎಂದ ಅವನು ತಲೆ ಎತ್ತದೆ.

ಆಗ ಮಂಗಳ ಎದ್ದಳು. ಹುಟ್ಟಿದಾಗಿನಿಂದ ಅವ್ವನಿಗೆ ಎದುರು ಮಾತಾಡದವಳು ಅವ್ವನ ತೋಳು ಬಿಡಿಸಿ ಕೊಡ ಎತ್ತಿಕೊಂಡಳು.

"ಮಂಗೀ, ನಾಳೆ ಹೋಳಿಗಿ..." ಎಂದಳು ಅವ್ವ. ಅಳು ಬಂದಿತ್ತು ಅವಳಿಗೆ.

"ಕರಡಿ ನಮ್ಮನ್ನ ತಿಂದ ಮ್ಯಾಲೆ ಹೋಳಿಗಿ ಯಾರಿಗೆ ಮಾಡ್ತೀ? ಬ್ಯಾಳಿ ನೋಡಿ ಒಪ್ಪೋರಾದ್ರ ಬ್ಯಾಳೀನ ಮದಿವಿ ಮಾಡಿಕೊಂಡು ಹೋಗ್ಲಿ."

ಬಾಗಿಲು ತೆರೆದು ಇಳಿದು, ಖಾಜಣ್ಣನ ಕೈಗೆ ಕೊಡ ಕೊಟ್ಟಳು. ಅವನು ಆಗ ತಲೆ ಎತ್ತಿದ, ಆಗ ಕಂಡ. ಆಮೇಲೆ ಅವನು ನೀರು ಹಾಕಿದ ವೇಗವನ್ನು ಯಾವ ಗ್ಯಾರೇಜಿನಲ್ಲೂ ಯಾರೂ ಕಂಡಿರಲಾರರು. ಎಂಜಿನ್ ಸದ್ದಿಗೆ ಕರಡಿ ಬೇಸರಗೊಂಡು ಬೆನ್ನು ತಿರುಗಿಸಿತು. ದಾರಿಯುದ್ದಕ್ಕೂ ಅವ್ವ ಖಾಲಿ ಕೊಡವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಗೌರಕ್ಕ ತನ್ನ ದೇವರ ನೀರಿನಲ್ಲಿ ಒಂದು ಚೊಂಬು ಕೊಡಲು ಬಂದರೆ ತಿರುಗಿಯೂ ನೋಡಲಿಲ್ಲ.

ಮರುದಿನ ಬಾವಿಯ ನೀರಿನಲ್ಲೇ ಬೇಳೆ ಇಟ್ಟೆವು. ಹೋಳಿಗೆ ಹೇಗಾಯಿತೆಂದು ವರ್ಣಿಸಿ ಅವ್ವನ ಮನಸ್ಸು ಮತ್ತೆ ನೋಯಿಸಲಾರೆ. ಹುಡುಗ ಮೊದಲ ತುತ್ತು ಅಗಿದ. ಅಗಿದ ಸದ್ದು ಅಡುಗೆ ಮನೆಗೆ ಕೇಳಿಸಿತು. ಅವನ ದೊಡ್ಡಮ್ಮ ಹೂರಣವನ್ನು ಬೆರಳಲ್ಲಿ ಹಿಸುಕಿ ನೋಡಿ, "ಬ್ಯಾಳಿ ಯಾಕ ಹಿಂಗಾಗೇತ್ರಿ?" ಎಂದರು. ಅವ್ವ ಬಾಗಿಲ ಮರೆಗೆ ಸರಿದಳು. ಆಗ ಮಂಗಳ, ತನ್ನನ್ನು ಕೇಳದಿದ್ದರೂ, ಹೊಳೆ ನೀರು ತಂದದ್ದು, ಅದನ್ನು ಗಾಡಿ ಕುಡಿದದ್ದು, ಕರಡಿ ಮರಿಗಳ ಸಮೇತ ನಿಂತು ನೋಡಿದ್ದು, ಎಲ್ಲ ಹೇಳಿಬಿಟ್ಟಳು. ಅಪ್ಪನಿಗೆ ಕೆಮ್ಮು ಬಂತು. ಹುಡುಗ ಮೊದಲು ಮೀಸೆಯೊಳಗೆ ನಕ್ಕ, ಆಮೇಲೆ ತುತ್ತು ನೆತ್ತಿಗೇರುವಂತೆ ನಕ್ಕ. ನೀರು ಕುಡಿದು ಸುಧಾರಿಸಿಕೊಂಡು, "ಇನ್ನೊಂದು ಹೋಳಿಗಿ ಹಾಕ್ರಿ," ಎಂದ.

ಅವರು ಹೋದ ಮೇಲೆ ಅವ್ವ ಎಲೆ ಎತ್ತುತ್ತಾ ಹೇಳಿದ್ದು ಇಷ್ಟೇ: "ಇಂಥಾ ಹೋಳಿಗಿ ಎರಡನೇದು ಕೇಳ್ಯಾನ. ಹುಡುಗ ಆಗಬಹುದು." ಅಷ್ಟು ದಿನ ಪರೀಕ್ಷೆ ನಮಗೆ ಎಂದು ಹೆದರಿದ್ದವಳು, ಪ್ರಶ್ನೆಪತ್ರಿಕೆ ತನ್ನ ಕೈಯಲ್ಲೇ ಇತ್ತೆಂದು ಆಗ ಕಂಡುಕೊಂಡಳು.

ಖಾಜಣ್ಣ ಮತ್ತೆ ಟೂರು ಮಾಡಲಿಲ್ಲ. ಆದರೆ ಗ್ಯಾರೇಜಿಗೆ ಬಂದ ಡ್ರೈವರುಗಳಿಗೆಲ್ಲ ಆ ಕರಡಿಯನ್ನು ತಾನೇ ಮೊದಲು ಕಂಡದ್ದಾಗಿ ಹೇಳುತ್ತಾನೆ. ಮಂಗಳ ಮದುವೆಯಾಗಿ ಹೊಳೆದಂಡೆಯ ಊರಿಗೆ ಹೋದಳು. ತವರಿಗೆ ಬರುವಾಗ ಒಂದು ಕ್ಯಾನು ಹೊಳೆ ನೀರು ಹೊತ್ತು ತರುತ್ತಾಳೆ. ಅವ್ವ ಅದನ್ನು ಪ್ರೀತಿಯಿಂದ ಇಳಿಸಿಕೊಂಡು, ತಲೆಸ್ನಾನಕ್ಕೆ ಎತ್ತಿಟ್ಟು, ಅಳಿಯನ ಹೋಳಿಗೆಗೆ ಬಾವಿಯ ನೀರನ್ನೇ ಸೇದುತ್ತಾಳೆ. ಅಳಿಯ ಈಗಲೂ ತಪ್ಪದೆ ಎರಡನೆಯದು ಕೇಳುತ್ತಾನೆ. ಅದು ಪ್ರೀತಿಗೋ ಭಯಕ್ಕೋ ಎಂದು ನಾನು ವಿಚಾರಿಸಲು ಹೋಗಿಲ್ಲ. ಪಕ್ಕದಲ್ಲೇ ಮಂಗಳ ಕೂತಿರುತ್ತಾಳೆ, ಕರಡಿಯ ಎದುರು ಬಾಗಿಲು ತೆಗೆದು ಇಳಿದವಳು.